ಎಕ್ಸ್‌ಚೇಂಜ್ ಮುಗಿಸಿ ಹೊರಡುವ ಮುನ್ನ: ವಿದಾಯ ಹೇಳಲು ಒಂದು ಸಮಗ್ರ ಮಾರ್ಗದರ್ಶಿ

ವಿದೇಶಕ್ಕೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋಗುವವರಿಗೆ ಹೊರಡುವ ಮೊದಲು ಬೇಕಾದಷ್ಟು ತಯಾರಿ ಮಾಡಿಸುತ್ತಾರೆ. ವೀಸಾ, ವಿಮೆ, ಓರಿಯೆಂಟೇಶನ್, ಏನೇನು ಪ್ಯಾಕ್ ಮಾಡಬೇಕು ಅನ್ನೋ ಪಟ್ಟಿ, ಎಲ್ಲ ಇರುತ್ತದೆ. ಅಲ್ಲಿಂದ ಹೊರಡೋದು ಹೇಗೆ ಅಂತ ಮಾತ್ರ ಯಾರೂ ಅಷ್ಟಾಗಿ ಹೇಳಿಕೊಡುವುದಿಲ್ಲ. ಕೊನೆಯ ವಾರ ಬಂತೆಂದರೆ ಪರೀಕ್ಷೆ, ಪ್ಯಾಕಿಂಗ್, ರೂಮ್ ಖಾಲಿ ಮಾಡುವ ಗಡಿಬಿಡಿ. ಕೊನೆಯ ರಾತ್ರಿ ಒಂದು ಪಾರ್ಟಿ. ಬೆಳಗ್ಗೆ ಎದ್ದರೆ ವಿಮಾನ. ಹೇಳಬೇಕಾದ ಮಾತೆಲ್ಲ ಗಂಟಲಲ್ಲೇ ಉಳಿದುಬಿಡುತ್ತದೆ.

ನಾನು ಒತ್ತಿ ಹೇಳುವುದು ಇಷ್ಟೇ. ವಿದಾಯಕ್ಕೆ ಒಂದು ದಿನ ಸಾಲದು, ಆರು ವಾರ ಬೇಕು. ಎಲ್ಲರಿಗೂ ಒಟ್ಟಿಗೆ ಹೇಳಿ ಮುಗಿಸುವಂಥದ್ದೂ ಅಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅವರಿಗೆ ತಕ್ಕ ಹಾಗೆ ಹೇಳಬೇಕು.

ಈ ವಿದಾಯ ಯಾಕೆ ಇಷ್ಟು ಕಷ್ಟ ಅಂತ ಮೊದಲು ನೋಡೋಣ. ಮನೆಯಿಂದ ಹೊರಟಾಗಲೂ ಅತ್ತಿರುತ್ತೀರಿ, ಆದರೆ ವಾಪಸ್ ಬರುವ ದಿನ ಗೊತ್ತಿತ್ತು. ಇಲ್ಲಿಂದ ಹೊರಡುವಾಗ ಮತ್ತೆ ಬರುವ ದಿನ ಯಾರಿಗೂ ಗೊತ್ತಿಲ್ಲ. ಇನ್ನೊಂದು ಕಷ್ಟ ಇದೆ. ನೀವು ಮತ್ತೆ ಅದೇ ಊರಿಗೆ ಹೋದರೂ ನಿಮ್ಮ ಗುಂಪು ಅಲ್ಲಿ ಇರುವುದಿಲ್ಲ. ಎಕ್ಸ್‌ಚೇಂಜ್ ಗೆಳೆಯರೆಲ್ಲ ತಮ್ಮ ತಮ್ಮ ದೇಶಕ್ಕೆ ಚದುರಿ ಹೋಗಿರುತ್ತಾರೆ. ಯುರೋಪಿನ ಎರಾಸ್ಮಸ್ ಕಾರ್ಯಕ್ರಮ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳಿಂದ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಪ್ರತಿ ಸೆಮಿಸ್ಟರ್ ಕೊನೆಗೆ ಇಂಥ ಗುಂಪುಗಳು ಒಂದೇ ವಾರದಲ್ಲಿ ಬರಿದಾಗುತ್ತಲೇ ಇವೆ. ಅಂದರೆ ನೀವು ಬಿಟ್ಟು ಹೋಗುತ್ತಿರುವುದು ಊರನ್ನಷ್ಟೇ ಅಲ್ಲ, ಮತ್ತೆಂದೂ ಅದೇ ರೀತಿ ಸೇರದ ಒಂದು ಬಳಗವನ್ನು. ಅದಕ್ಕೆ ದುಃಖ ಆಗೋದು ಸಹಜ, ಅಲ್ವಾ?

ಆರು ವಾರ ಮೊದಲು: ಹೆಸರುಗಳನ್ನು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಈ ತಿಂಗಳುಗಳಲ್ಲಿ ನಿಮ್ಮ ಬದುಕಿನಲ್ಲಿ ಬಂದವರ ಹೆಸರನ್ನೆಲ್ಲ ಬರೆಯಿರಿ. ನಿಮ್ಮನ್ನು ಮನೆಯಲ್ಲಿಟ್ಟುಕೊಂಡ ಹೋಸ್ಟ್ ಫ್ಯಾಮಿಲಿ, ರೂಮ್‌ಮೇಟ್, ಹೊಸದರಲ್ಲಿ ನೆರವಾಗಲು ಜೊತೆಗೆ ಕೊಟ್ಟ ಅಲ್ಲಿಯ ವಿದ್ಯಾರ್ಥಿ, ಕ್ಲಾಸಿನವರು, ಟೀಚರ್‌ಗಳು, ಜೊತೆಗೆ ಆಟ ಆಡಿದವರು, ಎಕ್ಸ್‌ಚೇಂಜ್ ಕೋಆರ್ಡಿನೇಟರ್. ಆಮೇಲೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಹೆಸರು ಗೊತ್ತಿಲ್ಲದಿದ್ದರೂ ದಿನಾ ಮುಖ ನೋಡುತ್ತಿದ್ದವರು ಇರುತ್ತಾರೆ. ಹಾಸ್ಟೆಲ್ ಕಾರಿಡಾರ್ ಗುಡಿಸುವವರು, ಲೈಬ್ರರಿ ಕೌಂಟರ್‌ನಲ್ಲಿ ಕೂರುವವರು, ಕ್ಯಾಂಟೀನಿನಲ್ಲಿ ಬಡಿಸುವವರು, ಬೆಳಗಿನ ಬಸ್ಸಿನ ಡ್ರೈವರ್. ಮೊದಮೊದಲು ಯಾರೂ ಪರಿಚಯ ಇಲ್ಲದಿದ್ದಾಗ ನಿಮ್ಮನ್ನು ನೋಡಿ ನಕ್ಕವರು ಎಷ್ಟೋ ಸಲ ಇವರೇ ಆಗಿರುತ್ತಾರೆ. ಇವರನ್ನೂ ಪಟ್ಟಿಗೆ ಸೇರಿಸಿ.

ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ. ಇವರಿಗೆ ಹೇಗೆ ವಿದಾಯ ಹೇಳುತ್ತೇನೆ, ಯಾವಾಗ ಹೇಳುತ್ತೇನೆ. ಕೆಲವರಿಗೆ ಒಂದು ಇಡೀ ಮಧ್ಯಾಹ್ನ ಬೇಕು. ಕೆಲವರಿಗೆ ಕಾಗದ ಸಾಕು. ಕೆಲವರಿಗೆ ಕೌಂಟರ್ ಹತ್ತಿರ ನಿಂತು ಎರಡು ಮಾತು ಹೇಳಿದರೆ ಆಯಿತು.

ಆಮೇಲೆ ಒಂದು ಕೆಲಸ ತಪ್ಪದೆ ಮಾಡಿ. ಎಲ್ಲರೂ ಊರು ಬಿಡುವ ದಿನಾಂಕ ಕೇಳಿಕೊಳ್ಳಿ. ನೀವು ಹೊರಡುವ ದಿನ ಎಲ್ಲರೂ ಅಲ್ಲೇ ಇರುತ್ತಾರೆ ಅಂದುಕೊಳ್ಳಬೇಡಿ. ಒಬ್ಬರಿಗೆ ಪರೀಕ್ಷೆ ಬೇಗ ಮುಗಿಯುತ್ತದೆ. ಇನ್ನೊಬ್ಬರು ರಜೆಗೆ ಮನೆಗೆ ಹೋಗಿಬಿಡುತ್ತಾರೆ. ಪ್ರೊಫೆಸರ್ ಕೊನೆಯ ತರಗತಿ ಮುಗಿದ ಮೇಲೆ ಕ್ಯಾಂಪಸ್‌ಗೇ ಬರದಿರಬಹುದು. ತುಂಬ ಜನರ ವಿದಾಯ ತಪ್ಪಿ ಹೋಗುವುದು ಬೇಕಂತಲೇ ಅಲ್ಲ. ಈ ದಿನಾಂಕ ಗೊತ್ತಿಲ್ಲದೆ ಹೀಗಾಗುತ್ತದೆ.

ನಾಲ್ಕು ವಾರ ಮೊದಲು: ಕಾಗದಪತ್ರದ ಕೆಲಸ ಮುಗಿಸಿಬಿಡಿ

ವಿದಾಯದ ಮಾತಿನ ನಡುವೆ ಇದೆಲ್ಲಿಂದ ಬಂತು ಅನಿಸಬಹುದು. ಕೊನೆಯ ವಾರವನ್ನು ಜನರಿಂದ ಕಿತ್ತುಕೊಳ್ಳುವುದು ಇದೇ. ಅದಕ್ಕೇ ಮೊದಲು ಮುಗಿಸಬೇಕು.

ಓದಿಗೆ ಸಂಬಂಧಿಸಿದ್ದು: ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಯಾರು ಕಳಿಸುತ್ತಾರೆ, ಎಲ್ಲಿಗೆ ಕಳಿಸುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಎರಾಸ್ಮಸ್ ಒಪ್ಪಂದದ ಪ್ರಕಾರ ಫಲಿತಾಂಶ ಬಂದು ಸಾಮಾನ್ಯವಾಗಿ ಐದು ವಾರದೊಳಗೆ ಅದು ನಿಮಗೂ ನಿಮ್ಮ ವಿಶ್ವವಿದ್ಯಾಲಯಕ್ಕೂ ಸಿಗಬೇಕು. ನೀವು ಇಂಥ ದಿನದಿಂದ ಇಂಥ ದಿನದವರೆಗೆ ಅಲ್ಲಿದ್ದಿರಿ ಅನ್ನುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಸ್ಕಾಲರ್‌ಶಿಪ್‌ನ ಕೊನೆಯ ಕಂತು ಎಷ್ಟೋ ಕಡೆ ಈ ಒಂದು ಹಾಳೆ ಇಲ್ಲದೆ ಬರುವುದಿಲ್ಲ. ಶಿಫಾರಸು ಪತ್ರ ಬೇಕಾದರೆ ಎದುರಿಗೇ ಕೇಳಿ. ಆರು ತಿಂಗಳ ನಂತರ ಇಮೇಲಿನಲ್ಲಿ ಕೇಳಿದಾಗ ಅವರಿಗೆ ನಿಮ್ಮ ಮುಖ ನೆನಪಿರದೇ ಇರಬಹುದು.

ಇಮೇಲ್ ಅಂದಾಗ ನೆನಪಾಯಿತು. ಆ ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ವಿಳಾಸ ಒಂದಲ್ಲ ಒಂದು ದಿನ ಬಂದ್ ಆಗುತ್ತದೆ. ಅದರಲ್ಲಿರುವ ಪತ್ರ, ಫೋಟೋ, ಕ್ಲೌಡ್‌ನಲ್ಲಿಟ್ಟ ಫೈಲ್ ಎಲ್ಲ ಈಗಲೇ ಇಳಿಸಿಕೊಳ್ಳಿ. ಅಲ್ಲಿಯ ಫೋನ್ ನಂಬರ್ ಕೂಡ ಹಾಗೇ. ಬ್ಯಾಂಕ್‌ನ ಒಟಿಪಿ ಆ ನಂಬರಿಗೆ ಬರುತ್ತಿದ್ದರೆ ಸಿಮ್ ನಿಲ್ಲಿಸುವ ಮುಂಚೆ ಬ್ಯಾಂಕ್ ಕೆಲಸ ಮುಗಿಸಿ. ರೂಮಿನ ಡೆಪಾಸಿಟ್ ವಾಪಸ್ ಬರುವುದು ತಡ ಆಗುವಂತಿದ್ದರೆ ಖಾತೆಯನ್ನು ಅಷ್ಟು ದಿನ ತೆರೆದೇ ಇಡಿ. ರೂಮ್ ಖಾಲಿ ಮಾಡಿದ ಮೇಲೆ ಗೋಡೆ, ನೆಲ, ಬಾತ್‌ರೂಮ್ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಆಯಾ ದೇಶದ ನಿಯಮ. ಜರ್ಮನಿಯಲ್ಲಿ ದೇಶ ಬಿಟ್ಟು ಹೋಗುವವರು ವಿಳಾಸದ ನೋಂದಣಿ ರದ್ದು ಮಾಡಿಸಬೇಕು. ಮನೆ ಬಿಡುವ ಒಂದು ವಾರ ಮೊದಲಿಂದ ಬಿಟ್ಟ ಎರಡು ವಾರದೊಳಗೆ ಅದಕ್ಕೆ ಸಮಯ. ಅಮೆರಿಕಕ್ಕೆ ಎಕ್ಸ್‌ಚೇಂಜ್‌ನವರಿಗೆ ಕೊಡುವ ಜೆ-1 ವೀಸಾದಲ್ಲಿ ಹೋದವರಿಗೆ ಕಾರ್ಯಕ್ರಮ ಮುಗಿದ ಮೇಲೆ 30 ದಿನ ಇರಲು ಅವಕಾಶ ಇದೆ. ಆದರೆ ಆ 30 ದಿನದಲ್ಲಿ ಪಕ್ಕದ ದೇಶಕ್ಕೆ ಹೋದರೆ ಅದೇ ವೀಸಾದಲ್ಲಿ ಮತ್ತೆ ಒಳಗೆ ಬರಲಾಗದು. ಗೆಳೆಯರ ಜೊತೆ ಕೊನೆಯ ಪ್ರವಾಸ ಯೋಜಿಸುವ ಮುಂಚೆ ಇದನ್ನು ನೋಡಿಕೊಳ್ಳಿ.

ಮೂರು ವಾರ ಮೊದಲು: ಮನಸ್ತಾಪ ಇದ್ದರೆ ಸರಿ ಮಾಡಿಕೊಳ್ಳಿ

ದೇಶದಿಂದ ದೇಶಕ್ಕೆ ಅಲೆಯುತ್ತಾ ಬೆಳೆಯುವ ಮಕ್ಕಳ ಬಗ್ಗೆ ಬಹಳ ಕೆಲಸ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಪೊಲಾಕ್, ಊರು ಬಿಡುವವರಿಗೆ ನಾಲ್ಕು ಕೆಲಸ ಹೇಳಿದ್ದರು. ಜಗಳ ಇದ್ದರೆ ಬಗೆಹರಿಸು. ನಿನಗೆ ಬೇಕಾದವರಿಗೆ ಅದನ್ನು ಬಾಯಿಬಿಟ್ಟು ಹೇಳು. ಜನರಿಗೂ ಜಾಗಗಳಿಗೂ ವಿದಾಯ ಹೇಳು. ಮುಂದೆ ಹೋಗುವ ಜಾಗದ ಬಗ್ಗೆ ಯೋಚಿಸು. ಈ ಕ್ರಮವನ್ನು ಗಮನಿಸಿ. ಜಗಳ ಬಗೆಹರಿಸುವುದು ಮೊದಲು ಬರುತ್ತದೆ.

ನನಗೂ ಇದೇ ಸರಿ ಅನಿಸುತ್ತದೆ. ‘ಹೇಗಿದ್ದರೂ ಹೋಗ್ತಾ ಇದೀನಿ, ಇನ್ನು ಮಾತಾಡಿ ಏನು ಪ್ರಯೋಜನ’ ಅಂತ ಸುಮ್ಮನಾಗುವುದು ಬಹಳ ಸುಲಭ. ಆದರೆ ಆ ಮನಸ್ತಾಪ ನಿಮ್ಮ ಜೊತೆ ವಿಮಾನ ಹತ್ತುತ್ತದೆ. ಮುಂದೆ ಆ ಊರಿನ ಫೋಟೋ ನೋಡಿದಾಗಲೆಲ್ಲ ಮೊದಲು ನೆನಪಾಗುವುದು ಅದೇ. ಒಂದೇ ಊರಿನಲ್ಲಿ ಇದ್ದಿದ್ದರೆ ಕಾಲವೇ ಸರಿ ಮಾಡುತ್ತಿತ್ತೋ ಏನೋ. ದೂರ ಹೋದ ಮೇಲೆ ಅಂಥ ಅವಕಾಶ ಸಿಗುವುದು ಕಡಿಮೆ.

ಹೇಗೆ ಮಾತಾಡೋದು? ಕ್ಷಮೆ ಕೇಳಬೇಕಿದ್ದರೆ ನೇರವಾಗಿ ಕೇಳಿ, ಆದರೆ ಚಿಕ್ಕದಾಗಿ. ಉದಾಹರಣೆಗೆ ರೂಮ್‌ಮೇಟ್ ಜೊತೆ ಅಡುಗೆಮನೆ ಸ್ವಚ್ಛತೆ ವಿಷಯಕ್ಕೆ ಮಾತು ಬಿಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಯಾರು ಎಷ್ಟು ಪಾತ್ರೆ ತೊಳೆದರು ಅನ್ನುವ ಲೆಕ್ಕಕ್ಕೆ ಮತ್ತೆ ಹೋಗಬೇಡಿ. ‘ಅವತ್ತು ನಾನು ಆಡಿದ ಮಾತು ಜಾಸ್ತಿ ಆಯ್ತು. ಹಾಗೆ ಮಾತಾಡಬಾರದಿತ್ತು. ಮಾತು ಬಿಟ್ಟು ಹೊರಡೋಕೆ ನನಗೆ ಇಷ್ಟ ಇಲ್ಲ.’ ಇಷ್ಟು ಸಾಕು. ‘ಆದರೆ ನೀನೂ…’ ಅಂತ ಮುಂದುವರಿಸಿದರೆ ಮತ್ತೆ ಜಗಳ ಶುರು. ಅವರು ಏನೂ ಹೇಳದೆ ತಲೆ ಆಡಿಸಿ ಹೋದರೂ ಪರವಾಗಿಲ್ಲ. ನಿಮ್ಮ ಪಾಲಿನದು ಮುಗಿದಿರುತ್ತದೆ.

ನಿಮಗೆ ತೀರ ಕೆಟ್ಟದಾಗಿ ನಡೆದುಕೊಂಡವರು, ಹೆದರಿಸಿದವರು ಇದ್ದರೆ ಅವರ ಹತ್ತಿರ ರಾಜಿಗೆ ಹೋಗಬೇಕಿಲ್ಲ. ಆ ವಿಷಯವನ್ನು ಹೊರಡುವ ಮುಂಚೆ ಕೋಆರ್ಡಿನೇಟರ್‌ಗೆ ಬರಹದಲ್ಲಿ ತಿಳಿಸಿ. ಮುಂದಿನ ವರ್ಷ ಅದೇ ಜಾಗಕ್ಕೆ ಬರುವ ವಿದ್ಯಾರ್ಥಿಗೆ ಅದರಿಂದ ಉಪಕಾರ ಆಗುತ್ತದೆ.

ಇಲ್ಲೇ ಇನ್ನೊಂದು ಮಾತು. ಹೊರಡುವ ದಿನ ಹತ್ತಿರ ಬಂದಂತೆ ಸುಮ್ ಸುಮ್ನೆ ಜಗಳ ಆಗುವುದುಂಟು. ತುಂಬ ಹತ್ತಿರದವರ ಮೇಲೇ ರೇಗುತ್ತೇವೆ. ಅವರ ಸಣ್ಣ ಸಣ್ಣ ಅಭ್ಯಾಸಗಳೂ ಕಿರಿಕಿರಿ ಮಾಡುತ್ತವೆ. ಬಿಟ್ಟು ಹೋಗುವ ನೋವನ್ನು ಕಡಿಮೆ ಮಾಡಿಕೊಳ್ಳಲು ಮನಸ್ಸು ಹೂಡುವ ಉಪಾಯ ಇದು. ಸಿಟ್ಟು ಬಂದರೆ ಹೊರಡೋದು ಸುಲಭ ಆಗುತ್ತದಲ್ಲ! ಇದು ನಿಮಗೆ ಆಗುತ್ತಿದೆ ಅಂತ ಗೊತ್ತಾದರೆ ಎದುರಿನವರಿಗೆ ಹೇಳಿಬಿಡಿ: ‘ನಿನ್ನ ಮೇಲೆ ಕೋಪ ಇಲ್ಲ, ಹೋಗಬೇಕಲ್ಲ ಅಂತ ಸಂಕಟ.’

ಎರಡು ವಾರ ಮೊದಲು: ಕಾಗದ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಸಮಯ ಇದ್ದರೆ ಇದನ್ನು ಮಾಡಿ. ಕೈಯಾರೆ ಬರೆದ ಕಾಗದ. ಮೆಸೇಜ್ ಬೇಡ, ಗ್ರೂಪ್‌ನಲ್ಲಿ ಹಾಕುವ ಉದ್ದದ ಪೋಸ್ಟ್ ಬೇಡ. ಎದುರಿಗೆ ನಿಂತಾಗ ಅಳು ಬರುತ್ತದೆ, ಭಾಷೆ ತಡವರಿಸುತ್ತದೆ, ಪಕ್ಕದಲ್ಲಿ ಬೇರೆಯವರು ಇರುತ್ತಾರೆ. ಕಾಗದದಲ್ಲಿ ಈ ಯಾವ ತೊಂದರೆಯೂ ಇಲ್ಲ. ಅವರು ಅದನ್ನು ಎಷ್ಟು ಸಲ ಬೇಕಾದರೂ ಓದಬಹುದು.

ಏನು ಬರೆಯಬೇಕು? ‘ಎಲ್ಲದಕ್ಕೂ ಥ್ಯಾಂಕ್ಸ್, ನಿಮ್ಮನ್ನು ಎಂದೂ ಮರೆಯಲ್ಲ’ ಅಂತ ಬರೆದರೆ ಅದನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು. ಒಂದು ಘಟನೆ ಹಿಡಿದುಕೊಳ್ಳಿ. ಅವರು ಏನು ಮಾಡಿದರು, ಆಗ ನಿಮಗೆ ಏನನ್ನಿಸಿತು, ಅದರಿಂದ ಏನು ಬದಲಾಯಿತು. ಹೋಸ್ಟ್ ಅಮ್ಮನಿಗೆ ಬರೆಯುವ ಕಾಗದ ಹೀಗಿರಬಹುದು:

‘ಬಂದ ಹೊಸದರಲ್ಲಿ ಒಂದು ಸಂಜೆ ನಾನು ತಪ್ಪು ಬಸ್ ಹತ್ತಿ ಎಲ್ಲೋ ಇಳಿದುಬಿಟ್ಟಿದ್ದೆ. ಕತ್ತಲಾಗಿತ್ತು, ಭಾಷೆ ಬರುತ್ತಿರಲಿಲ್ಲ. ಫೋನ್ ಮಾಡಿದಾಗ ನೀವು ಬೈಯಲಿಲ್ಲ. ಎದುರಿಗೆ ಕಾಣುವ ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಓದು ಅಂದಿರಿ. ನಾನು ಓದುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಕಾರು ತಂದಿರಿ. ಮಾರನೇ ದಿನ ನನ್ನನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ಎರಡೂ ದಿಕ್ಕಿಗೆ ಓಡಾಡಿಸಿದಿರಿ. ಅವತ್ತಿನಿಂದ ನನಗೆ ಈ ಊರು ಅಂದರೆ ಹೆದರಿಕೆ ಆಗಲಿಲ್ಲ.’

ಇದರಲ್ಲಿ ದೊಡ್ಡ ಮಾತೇನೂ ಇಲ್ಲ. ಆದರೆ ಓದಿದವರಿಗೆ ತಾವು ಮಾಡಿದ್ದು ಸಾರ್ಥಕ ಆಯಿತು ಅನಿಸುತ್ತದೆ. ಅವರು ಆ ಸಂಜೆಯನ್ನು ಮರೆತೂ ಇರಬಹುದು. ನಿಮಗೆ ನೆನಪಿದೆ ಅನ್ನುವುದೇ ಅವರಿಗೆ ಸಿಗುವ ಉಡುಗೊರೆ.

ಅವರ ಭಾಷೆಯಲ್ಲೇ ಬರೆಯಿರಿ, ವ್ಯಾಕರಣ ತಪ್ಪಾದರೂ ಆಗಲಿ. ಬೇರೆಯವರಿಂದ ತಿದ್ದಿಸಿಕೊಂಡು ನೀಟಾಗಿ ಮಾಡುವುದಕ್ಕಿಂತ ನಿಮ್ಮ ತಪ್ಪುಗಳ ಜೊತೆಗೇ ಇದ್ದರೆ ಚೆನ್ನ. ದಿನಾ ನಿಮ್ಮ ಬಾಯಲ್ಲಿ ಕೇಳಿದ ಭಾಷೆ ಅದೇ ತಾನೇ. ಕೊನೆಗೆ ಒಂದೆರಡು ಸಾಲು ನಿಮ್ಮ ಭಾಷೆಯಲ್ಲಿ, ನಿಮ್ಮ ಲಿಪಿಯಲ್ಲಿ ಬರೆದು ಅರ್ಥ ಹೇಳಿಕೊಡಿ.

ಟೀಚರ್‌ಗಳಿಗೆ, ಕೋಆರ್ಡಿನೇಟರ್‌ಗೆ, ಲೈಬ್ರರಿಯವರಿಗೆ ಚಿಕ್ಕ ಚೀಟಿ ಸಾಕು. ಎಕ್ಸ್‌ಚೇಂಜ್ ಸಂಸ್ಥೆಗಳಲ್ಲಿ ದುಡಿಯುವ ಬಹಳಷ್ಟು ಜನ ಸ್ವಯಂಸೇವಕರು. ಎಎಫ್‌ಎಸ್‌ನಂಥ ಸಂಸ್ಥೆ ನಿಂತಿರುವುದೇ ಅವರಿಂದ. ಮಹಾಯುದ್ಧಗಳಲ್ಲಿ ಆಂಬ್ಯುಲೆನ್ಸ್ ಓಡಿಸಿದ್ದ ಸ್ವಯಂಸೇವಕರೇ 1947ರಲ್ಲಿ ಅದರ ಶಾಲಾ ವಿನಿಮಯವನ್ನು ಶುರು ಮಾಡಿದರು. ಸಂಬಳ ಇಲ್ಲದೆ ನಿಮಗಾಗಿ ಓಡಾಡಿದವರಿಗೆ ಎರಡು ಸಾಲು ಬರೆಯದೆ ಹೊರಡಬೇಡಿ.

ಗೆಳೆಯರು: ಪಾರ್ಟಿ ಬೇಗ ಮುಗಿಸಿ, ಒಬ್ಬೊಬ್ಬರನ್ನೂ ಭೇಟಿಯಾಗಿ

ಫೇರ್‌ವೆಲ್ ಪಾರ್ಟಿ ಇರಲಿ. ಆದರೆ ಕೊನೆಯ ರಾತ್ರಿ ಬೇಡ. ಕನಿಷ್ಠ ಒಂದು ವಾರ ಮೊದಲು ಇಟ್ಟುಕೊಳ್ಳಿ. ಬೇಗ ಹೊರಡುವವರೂ ಸಿಗುತ್ತಾರೆ. ಪಾರ್ಟಿಯಲ್ಲಿ ಎಲ್ಲರೂ ಸಿಕ್ಕರೂ ಯಾರ ಜೊತೆಗೂ ಮನಸ್ಸಿಟ್ಟು ಮಾತಾಡಲು ಆಗುವುದಿಲ್ಲ ಅನ್ನುವುದು ಪಾರ್ಟಿಗೆ ಹೋದ ಎಲ್ಲರಿಗೂ ಗೊತ್ತು. ಅದು ಗುಂಪಿಗೆ ಹೇಳುವ ವಿದಾಯ. ಒಬ್ಬೊಬ್ಬರಿಗೆ ಹೇಳುವುದು ಬೇರೆಯೇ ಆಗಬೇಕು.

ತೀರ ಹತ್ತಿರದವರು ನಾಲ್ಕೈದು ಜನ ಇರುತ್ತಾರೆ, ಅಷ್ಟೇ. ಅವರಲ್ಲಿ ಪ್ರತಿಯೊಬ್ಬರ ಜೊತೆ ಒಂದು ಸಲ ನೀವಿಬ್ಬರೇ ಹೊರಗೆ ಹೋಗಿ. ಹೊಸ ಜಾಗ, ದುಬಾರಿ ಜಾಗ ಹುಡುಕಬೇಡಿ. ನೀವಿಬ್ಬರೂ ಯಾವಾಗಲೂ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿ. ಒಟ್ಟಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದರೆ ಅದನ್ನೇ. ಮಾತು ತಾನಾಗಿ ಬರುತ್ತದೆ.

ರೋಟರಿ ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಒಂದು ಬ್ಲೇಜರ್ ತೊಟ್ಟು, ಸಿಕ್ಕವರ ಜೊತೆಗೆಲ್ಲ ಪಿನ್ ಬದಲಾಯಿಸಿಕೊಂಡು ಅದರ ಮೇಲೆ ಚುಚ್ಚಿಕೊಳ್ಳುತ್ತಾರೆ. ವರ್ಷದ ಕೊನೆಗೆ ಬಟ್ಟೆಯೇ ಕಾಣದಷ್ಟು ಪಿನ್ ತುಂಬಿರುತ್ತವೆ. ದೇಶದ ಬಾವುಟದ ಮೇಲೆ ಗೆಳೆಯರಿಂದ ಬರೆಸಿಕೊಳ್ಳುವ ರೂಢಿಯೂ ಎಕ್ಸ್‌ಚೇಂಜ್ ಹುಡುಗರಲ್ಲಿ ಬಹಳ ಇದೆ. ಆದರೆ ಬಾವುಟದ ಮೇಲೆ ಬರೆಯುವುದು ಕೆಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಭಾರತದ ಧ್ವಜ ಸಂಹಿತೆಯೂ ಅದನ್ನು ಒಪ್ಪುವುದಿಲ್ಲ. ಹಾಗಾಗಿ ಒಂದು ಟೀ ಶರ್ಟ್, ನೋಟ್‌ಬುಕ್ ಅಥವಾ ಆ ಊರಿನ ಮ್ಯಾಪ್ ಒಳ್ಳೆಯದು. ಮ್ಯಾಪ್ ಮೇಲೆ ಪ್ರತಿಯೊಬ್ಬರೂ ನಿಮ್ಮ ಜೊತೆ ಕಳೆದ ಒಂದು ಜಾಗಕ್ಕೆ ಗುರುತು ಹಾಕಿ ಪಕ್ಕದಲ್ಲಿ ಒಂದು ಸಾಲು ಬರೆದರೆ ಅದಕ್ಕಿಂತ ಒಳ್ಳೆಯ ನೆನಪಿನ ವಸ್ತು ಇನ್ನೊಂದಿಲ್ಲ.

ಮಾತು ಕೊಡುವಾಗ ಎಚ್ಚರ ಇರಲಿ. ‘ದಿನಾ ಫೋನ್ ಮಾಡ್ತೀನಿ’, ‘ಮುಂದಿನ ವರ್ಷ ಖಂಡಿತ ಬರ್ತೀನಿ’ ಅಂತ ಆ ಹೊತ್ತಿನಲ್ಲಿ ಸಲೀಸಾಗಿ ಬಾಯಿಗೆ ಬರುತ್ತದೆ. ಎರಡು ತಿಂಗಳಲ್ಲಿ ಇಬ್ಬರಿಗೂ ಆ ಮಾತು ಭಾರ ಆಗುತ್ತದೆ. ಮಾಡಬಲ್ಲದ್ದನ್ನು ಹೇಳಿ. ‘ನಿನ್ನ ಹುಟ್ಟುಹಬ್ಬಕ್ಕೆ ಫೋನ್ ಮಾಡ್ತೀನಿ’ ಅನ್ನುವುದು ಚಿಕ್ಕ ಮಾತು, ಆದರೆ ಉಳಿಸಿಕೊಳ್ಳಬಹುದು.

ಪ್ರೀತಿ ಆಗಿದ್ದರೆ

ಅಲ್ಲಿ ಯಾರನ್ನಾದರೂ ಪ್ರೀತಿಸಿದ್ದರೆ, ಮುಂದೇನು ಅನ್ನುವ ಮಾತನ್ನು ಏರ್‌ಪೋರ್ಟ್‌ಗೆ ಬಿಡಬೇಡಿ. ಅಲ್ಲಿ ಅಳುತ್ತಾ ಮಾಡಿದ ತೀರ್ಮಾನ ಹೆಚ್ಚು ದಿನ ನಿಲ್ಲುವುದಿಲ್ಲ. ಎರಡು ಮೂರು ವಾರ ಮೊದಲೇ ಕೂತು ಮಾತಾಡಿ. ಮುಂದುವರಿಸುವುದಾದರೆ ಮತ್ತೆ ಯಾವಾಗ ಎಲ್ಲಿ ಸಿಗುತ್ತೀರಿ ಅನ್ನುವುದಕ್ಕೆ ಅಂದಾಜು ತಿಂಗಳಾದರೂ ಇರಲಿ. ನಿಲ್ಲಿಸುವುದಾದರೆ ಇಬ್ಬರೂ ಸ್ಪಷ್ಟವಾಗಿ ಹೇಳಿಕೊಳ್ಳಿ. ‘ನೋಡೋಣ’ ಅಂತ ತೇಲಿಸಿಬಿಟ್ಟರೆ ಒಬ್ಬರು ಕಾಯುತ್ತಾ ಕೂರುತ್ತಾರೆ. ಅದು ಅನ್ಯಾಯ.

ಹೋಸ್ಟ್ ಫ್ಯಾಮಿಲಿಯಲ್ಲಿ ಮಕ್ಕಳಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ದೊಡ್ಡವರಿಗೆ ನೀವು ಹೋಗುವ ದಿನ ಮೊದಲಿಂದ ಗೊತ್ತು. ನಾಲ್ಕು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ. ಅದಕ್ಕೆ ನೀವು ಆ ಮನೆಯಲ್ಲಿ ಯಾವಾಗಲೂ ಇರುವ ಅಣ್ಣನೋ ಅಕ್ಕನೋ. ಒಂದು ದಿನ ಬೆಳಗ್ಗೆ ಎದ್ದಾಗ ನಿಮ್ಮ ರೂಮ್ ಖಾಲಿ ಇದ್ದರೆ ಆ ಮಗುವಿಗೆ ಏನನ್ನಿಸಬೇಡ!

ಮಗು ಮಲಗಿದ್ದಾಗ ಸದ್ದಿಲ್ಲದೆ ಹೊರಡಬೇಡಿ. ಎರಡು ವಾರ ಮೊದಲು ಗೋಡೆಗೆ ಒಂದು ಕ್ಯಾಲೆಂಡರ್ ಅಂಟಿಸಿ. ದಿನಾ ರಾತ್ರಿ ಮಗುವಿನ ಕೈಯಲ್ಲೇ ಒಂದು ದಿನಕ್ಕೆ ಗೀಟು ಹಾಕಿಸಿ. ಕೊನೆಯ ಚೌಕದಲ್ಲಿ ವಿಮಾನದ ಚಿತ್ರ ಬಿಡಿಸಿ. ಎಲ್ಲಿಗೆ ಹೋಗುತ್ತೀರಿ ಅಂತ ಭೂಪಟದಲ್ಲಿ ತೋರಿಸಿ. ‘ನೀನು ಗಲಾಟೆ ಮಾಡಿದ್ದಕ್ಕೆ ಹೋಗ್ತಿಲ್ಲ, ನನ್ನ ಅಪ್ಪ ಅಮ್ಮ ಕಾಯ್ತಿದ್ದಾರೆ, ಅದಕ್ಕೆ ಹೋಗ್ತಿದ್ದೀನಿ’ ಅಂತ ಹೇಳಿ. ಚಿಕ್ಕ ಮಕ್ಕಳು ಇಂಥದ್ದಕ್ಕೆಲ್ಲ ತಾವೇ ಕಾರಣ ಅಂದುಕೊಳ್ಳುತ್ತಾರೆ. ನಿಮ್ಮದೊಂದು ವಸ್ತು, ದಿಂಬಿನ ಕವರೋ ಟೋಪಿಯೋ, ಅವರ ಹತ್ತಿರ ಬಿಟ್ಟು ಬನ್ನಿ. ‘ನಾಳೆ ಬರ್ತೀನಿ’ ಅಂತ ಸುಳ್ಳು ಮಾತ್ರ ಹೇಳಬೇಡಿ.

ಹದಿಹರೆಯದ ಹೋಸ್ಟ್ ತಮ್ಮ ತಂಗಿಯರು ಕೊನೆಯ ವಾರ ನಿಮ್ಮಿಂದ ದೂರ ಇರಬಹುದು, ರೂಮಿನಿಂದ ಹೊರಗೇ ಬರದಿರಬಹುದು. ಅದು ಕೋಪ ಅಲ್ಲ, ಬೇಸರ. ಒತ್ತಾಯ ಮಾಡದೆ ಕಾಗದ ಬರೆದು ಅವರ ಮೇಜಿನ ಮೇಲಿಡಿ.

ಸಾಧ್ಯವಾದರೆ ಹೊರಡುವ ಮುಂಚೆ ನಿಮ್ಮ ಮನೆಯವರಿಗೂ ಹೋಸ್ಟ್ ಮನೆಯವರಿಗೂ ಒಂದು ವಿಡಿಯೋ ಕಾಲ್ ಮಾಡಿಸಿ. ನೀವು ಭಾಷಾಂತರ ಮಾಡಿ. ‘ನಮ್ಮ ಮಗುವನ್ನು ಇಷ್ಟು ದಿನ ಚೆನ್ನಾಗಿ ನೋಡಿಕೊಂಡಿರಿ’ ಅಂತ ನಿಮ್ಮ ಅಮ್ಮನ ಬಾಯಿಂದ ಕೇಳುವುದಕ್ಕೆ ಬೇರೆಯದೇ ತೂಕ ಇದೆ.

ಜಾಗಗಳಿಗೂ ವಿದಾಯ ಹೇಳಿ

ಕೊನೆಯ ವಾರಗಳಲ್ಲಿ ನೋಡದೆ ಉಳಿದ ಪ್ರವಾಸಿ ತಾಣಗಳ ಹಿಂದೆ ಓಡುವವರೇ ಜಾಸ್ತಿ. ಒಂದೆರಡು ನೋಡಿ, ಬೇಡ ಅನ್ನುವುದಿಲ್ಲ. ಆದರೆ ಮುಂದೆ ನಿಮಗೆ ಕಾಡುವುದು ಅವಲ್ಲ. ದಿನಾ ನಡೆದ ದಾರಿ, ಕೂತ ಬೆಂಚು, ರೂಮಿನ ಕಿಟಕಿಯಿಂದ ಕಾಣುತ್ತಿದ್ದ ಗೋಡೆ, ಇವೇ ಕಾಡುತ್ತವೆ. ಇವುಗಳ ಫೋಟೋ ಯಾರ ಹತ್ತಿರವೂ ಇರುವುದಿಲ್ಲ. ನೀವೇ ತೆಗೆಯಬೇಕು. ಕ್ಲಾಸಿನ ಬಾಗಿಲು, ಅಡುಗೆಮನೆಯ ಶೆಲ್ಫ್, ಬಸ್ ಸ್ಟಾಪಿನ ಬೋರ್ಡ್.

ಶಬ್ದವನ್ನೂ ಹಿಡಿದಿಟ್ಟುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಒತ್ತಿ ಬಸ್ಸಿನೊಳಗೆ ಒಂದು ನಿಮಿಷ ಕೂರಿ. ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ, ಬಾಗಿಲು ಮುಚ್ಚುವ ಸದ್ದು ಅದರಲ್ಲಿ ಬರುತ್ತದೆ. ಊಟದ ಮೇಜಿನ ಮಾತುಕತೆಯನ್ನು ಮಾತ್ರ ಕೇಳಿಯೇ ರೆಕಾರ್ಡ್ ಮಾಡಿ.

ಕೊನೆಯ ಮೂರು ದಿನ

ಪ್ಯಾಕಿಂಗ್ ಎರಡು ದಿನ ಮೊದಲೇ ಮುಗಿಯಬೇಕು. ಚೆಕ್-ಇನ್ ಬ್ಯಾಗಿನ ತೂಕ ಬಹಳಷ್ಟು ವಿಮಾನಗಳಲ್ಲಿ 23 ಕಿಲೋ ಮಿತಿ. ತಿಂಗಳುಗಟ್ಟಲೆ ಸೇರಿದ ಸಾಮಾನು ಅದರಲ್ಲಿ ಹಿಡಿಯುವುದಿಲ್ಲ. ಕೊಡೆ, ಪಾತ್ರೆ, ಹೊದಿಕೆ, ಸೈಕಲ್ ಇಂಥವನ್ನು ಮುಂದಿನ ಸೆಮಿಸ್ಟರ್‌ಗೆ ಬರುವ ವಿದ್ಯಾರ್ಥಿಗೆ ಕೊಟ್ಟುಬಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಕಾಗದಗಳು, ಗೆಳೆಯರು ಬರೆದ ನೋಟ್‌ಬುಕ್, ಹಾರ್ಡ್ ಡಿಸ್ಕ್, ಸಹಿಯಾದ ದಾಖಲೆಗಳು ಕೂಡ ಕೈಚೀಲದಲ್ಲೇ. ಬ್ಯಾಗ್ ಕಳೆದರೆ ಬಟ್ಟೆ ಮತ್ತೆ ಕೊಳ್ಳಬಹುದು, ಇವನ್ನು ಕೊಳ್ಳಲಾಗದು.

ಕೊನೆಯ ಪೂರ್ತಿ ದಿನವನ್ನು ಖಾಲಿ ಬಿಡಿ. ಯಾವ ಕಚೇರಿ, ಯಾವ ಶಾಪಿಂಗ್ ಬೇಡ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಇಟ್ಟರು. ಇನ್ನೊಂದು ಸಲ ಅದೇ ಒಂದು ನಿಮಿಷದ ಮೇಲೆ ಇನ್ನೂ ಅರ್ಧ ನಿಮಿಷ ಇಟ್ಟರು, ಆದರೆ ಆ ಅರ್ಧ ನಿಮಿಷದಲ್ಲಿ ನೀರು ಸ್ವಲ್ಪ ಬೆಚ್ಚಗಾಗುತ್ತಾ ಹೋಯಿತು. ಮತ್ತೊಮ್ಮೆ ಮಾಡುವುದಾದರೆ ಯಾವುದು ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಹೇಗಿತ್ತು ಅನ್ನುವುದು ನೆನಪಿನ ಮೇಲೆ ಅಷ್ಟು ಪ್ರಭಾವ ಬೀರುತ್ತದೆ. ಒಂದು ವರ್ಷ ಚೆನ್ನಾಗಿ ಕಳೆದು ಕೊನೆಯ ದಿನ ಮಾತ್ರ ಗಡಿಬಿಡಿ, ಸಿಟ್ಟು, ಸುಸ್ತು ಅಂತಾದರೆ ಬೇಜಾರಲ್ವಾ?

ಏರ್‌ಪೋರ್ಟ್‌ಗೆ ಯಾರು ಬರಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಹತ್ತು ಜನ ಬಂದರೆ ಸರದಿಯ ಮೇಲೆ ಅಪ್ಪಿಕೊಂಡು ಮುಗಿಯುತ್ತದೆ. ಎರಡು ಮೂರು ಜನ ಸಾಕು. ಉಳಿದವರಿಗೆ ಹಿಂದಿನ ದಿನವೇ ಹೇಳಿ ಮುಗಿಸಿ. ಲಗೇಜ್ ಕೊಟ್ಟು ಬೋರ್ಡಿಂಗ್ ಪಾಸ್ ಪಡೆದ ಮೇಲೆ ಸ್ವಲ್ಪ ಹೊತ್ತು ಒಟ್ಟಿಗೆ ಕೂರಿ. ಆಮೇಲೆ ಸೆಕ್ಯುರಿಟಿ ಬಾಗಿಲ ಹತ್ತಿರ ವಿದಾಯ ಚಿಕ್ಕದಾಗಿರಲಿ. ದೊಡ್ಡ ಮಾತೆಲ್ಲ ಕಾಗದದಲ್ಲಿ ಹೇಳಿ ಆಗಿದೆ. ಅಪ್ಪಿಕೊಳ್ಳುವುದೋ, ಕೈ ಕುಲುಕುವುದೋ, ತಲೆ ಬಾಗಿಸುವುದೋ, ಆ ದೇಶದ ರೀತಿಯನ್ನು ನೀವು ಇಷ್ಟರಲ್ಲಿ ಕಲಿತಿರುತ್ತೀರಿ. ಎದುರಿನವರಿಗೆ ಹಿತವಾಗುವಂತೆ ಮಾಡಿ.

ಅಳು ಬಂದರೆ ಅಳಿ. ಬಾರದಿದ್ದರೂ ತಪ್ಪು ತಿಳಿಯಬೇಡಿ. ಎಷ್ಟೋ ಜನಕ್ಕೆ ಆ ಹೊತ್ತಿನಲ್ಲಿ ಏನೂ ಅನಿಸುವುದಿಲ್ಲ. ಮನೆಗೆ ಬಂದು ವಾರದ ಮೇಲೆ ಯಾವುದೋ ಸಣ್ಣ ವಿಷಯಕ್ಕೆ ಕಣ್ಣು ತುಂಬಿ ಬರುತ್ತದೆ. ನಿಮಗೆ ಪ್ರೀತಿ ಕಡಿಮೆ ಅಂತ ಅದರ ಅರ್ಥ ಅಲ್ಲ.

ವಿದಾಯ ಹೇಳಲು ಆಗದೇ ಹೋದರೆ

ಮನೆಯಲ್ಲಿ ತುರ್ತು ಪರಿಸ್ಥಿತಿ, ಕಾಯಿಲೆ, ಯುದ್ಧ, ಸಾಂಕ್ರಾಮಿಕ ರೋಗ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಲೆಕ್ಕವಿಲ್ಲದಷ್ಟು ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಿ ಹೊರಟರು. ಯಾರಿಗೂ ಸರಿಯಾಗಿ ಹೇಳಲೂ ಆಗಲಿಲ್ಲ.

ಹೀಗಾದರೆ ತಡವಾಗಿಯಾದರೂ ಹೇಳಿ. ಮನೆಗೆ ತಲುಪಿ ಒಂದೆರಡು ವಾರ ಸುಧಾರಿಸಿಕೊಂಡ ಮೇಲೆ ಪಟ್ಟಿ ಮಾಡಿ, ಕಾಗದ ಬರೆಯಿರಿ, ಅಂಚೆಗೆ ಹಾಕಿ. ಹತ್ತಿರದ ಗೆಳೆಯರ ಜೊತೆ ಒಂದು ಸಮಯ ಗೊತ್ತು ಮಾಡಿ ವಿಡಿಯೋ ಕಾಲಿನಲ್ಲಿ ಕೂರಿ. ಇದು ಮಾಮೂಲಿ ಹರಟೆ ಅಲ್ಲ, ವಿದಾಯ ಹೇಳಲು ಮಾಡಿದ ಕರೆ ಅಂತ ಮೊದಲೇ ತಿಳಿಸಿ. ಅಲ್ಲಿ ಉಳಿದಿರುವ ಗೆಳೆಯರೊಬ್ಬರು ಫೋನ್ ಹಿಡಿದು ನೀವು ದಿನಾ ನಡೆಯುತ್ತಿದ್ದ ದಾರಿಯಲ್ಲಿ ನಡೆದರೆ ಅದೂ ಮನಸ್ಸಿಗೆ ಎಷ್ಟೋ ಸಮಾಧಾನ.

ಮನೆಗೆ ಬಂದ ಮೇಲೆ

ತಲುಪಿದ ತಕ್ಷಣ ‘ಬಂದು ಸೇರಿದೆ’ ಅಂತ ಹೋಸ್ಟ್ ಮನೆಗೆ ತಿಳಿಸಿ. ಅವರ ಮನೆಯಲ್ಲೂ ಒಂದು ಕುರ್ಚಿ ಖಾಲಿ ಆಗಿದೆ ಅನ್ನುವುದನ್ನು ನಾವು ಮರೆಯುತ್ತೇವೆ. ಬಿಟ್ಟು ಬಂದವರಿಗೆ ಹೊಸದಾಗಿ ನೋಡಲು ಏನಾದರೂ ಇರುತ್ತದೆ. ಉಳಿದವರಿಗೆ ನೀವಿಲ್ಲದ ಅದೇ ಮನೆ.

ಮೊದಲ ವಾರ ಖುಷಿ, ಆಮೇಲೆ ಏನೋ ಕಳೆದುಕೊಂಡ ಹಾಗೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿದ್ದ ತಮ್ಮ ದೇಶದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದವರ ಅನುಭವ ಅಧ್ಯಯನ ಮಾಡಿದರು. ಹೊಸ ದೇಶದಲ್ಲಿ ಮೊದಲು ಉತ್ಸಾಹ, ನಡುವೆ ಕುಸಿತ, ಆಮೇಲೆ ಚೇತರಿಕೆ ಅಂದರು. 1963ರಲ್ಲಿ ಅಮೆರಿಕದ ಸಂಶೋಧಕರಾದ ಜಾನ್ ಮತ್ತು ಜೀನ್ ಗುಲ್ಲಾಹಾರ್ನ್ ಇದನ್ನು ಮುಂದುವರಿಸಿ, ಸ್ವಂತ ದೇಶಕ್ಕೆ ಮರಳಿದಾಗಲೂ ಇದೇ ಏರಿಳಿತ ಇನ್ನೊಂದು ಸುತ್ತು ಬರುತ್ತದೆ ಅಂದರು. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆ ಅಂತಲ್ಲ. ಆದರೆ ಮನೆಗೆ ಬಂದೂ ಮನೆಯಲ್ಲಿಲ್ಲದ ಹಾಗೆ ಅನಿಸಿದರೆ ನಿಮಗೊಬ್ಬರಿಗೇ ಹೀಗಾಗುತ್ತಿದೆ ಅಂದುಕೊಳ್ಳಬೇಡಿ.

ಮನೆಯವರು, ಹಳೆಯ ಗೆಳೆಯರು ‘ಹೇಗಿತ್ತು?’ ಅಂತ ಕೇಳುತ್ತಾರೆ. ಐದು ನಿಮಿಷ ಕೇಳಿ ಬೇರೆ ಮಾತಿಗೆ ಹೋಗುತ್ತಾರೆ. ಅವರ ತಪ್ಪಲ್ಲ. ಅವರಿಗೆ ಆ ಜನ, ಆ ಬೀದಿ ಗೊತ್ತಿಲ್ಲ. ಪೂರ್ತಿ ಕಥೆ ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ, ಸಾಕು. ಎಕ್ಸ್‌ಚೇಂಜ್ ಮುಗಿಸಿ ಬಂದ ಇನ್ನೊಬ್ಬರಾದರೆ ಇನ್ನೂ ಒಳ್ಳೆಯದು. ಮನೆಯವರ, ಹಳೆಯ ಗೆಳೆಯರ ಬದುಕಿನಲ್ಲಿ ಈ ತಿಂಗಳುಗಳಲ್ಲಿ ಏನಾಯಿತು ಅಂತ ನೀವೂ ಕೇಳಿ.

ಬೇಸರ ವಾರಗಟ್ಟಲೆ ಹೋಗದೆ, ನಿದ್ದೆ ಊಟ ಕೆಟ್ಟು, ಓದಲು ಆಗದಂತಾದರೆ ಕಾಲೇಜಿನ ಆಪ್ತಸಲಹೆಗಾರರನ್ನೋ ವೈದ್ಯರನ್ನೋ ಕಾಣಿ. ತಡ ಮಾಡಬೇಡಿ.

ಅಲ್ಲಿಯವರ ಜೊತೆಗಿನ ಸಂಪರ್ಕ ನಿಧಾನಕ್ಕೆ ಕಡಿಮೆಯಾಗುತ್ತದೆ. ಮೊದಲ ತಿಂಗಳು ಗ್ರೂಪ್‌ನಲ್ಲಿ ನೂರಾರು ಮೆಸೇಜ್, ಆರನೇ ತಿಂಗಳಿಗೆ ಹಬ್ಬದ ಶುಭಾಶಯ ಮಾತ್ರ. ಅದಕ್ಕೆ ಕೊರಗಬೇಡಿ. ಪಟ್ಟಿಯಲ್ಲಿದ್ದ ಎಲ್ಲರನ್ನೂ ಉಳಿಸಿಕೊಳ್ಳಲು ಹೋದರೆ ಯಾರೂ ಉಳಿಯುವುದಿಲ್ಲ. ನಿಜವಾಗಿ ಬೇಕಾದ ಮೂರು ನಾಲ್ಕು ಜನರ ಹುಟ್ಟುಹಬ್ಬ, ಹೋಸ್ಟ್ ಮನೆಯ ಮುಖ್ಯ ದಿನಗಳು, ಇವನ್ನು ಇವತ್ತೇ ಫೋನಿನ ಕ್ಯಾಲೆಂಡರ್‌ಗೆ ಹಾಕಿ. ಆಯಾ ದೇಶದ ಸಮಯ ನೋಡಿ ಅಲಾರ್ಮ್ ಇಡಿ. ಮೊದಲ ತಿಂಗಳು ಮುಗಿಯುವುದರೊಳಗೆ ನಾಲ್ಕು ಫೋಟೋ ಪ್ರಿಂಟ್ ಹಾಕಿಸಿ, ಹಿಂದೆ ಎರಡೆರಡು ಸಾಲು ಬರೆದು ಹೋಸ್ಟ್ ಮನೆಗೆ ಅಂಚೆಯಲ್ಲಿ ಕಳಿಸಿ. ಲಕೋಟೆಯ ಮೇಲೆ ಮನೆಯವರೆಲ್ಲರ ಹೆಸರೂ ಬರೆಯಿರಿ, ಪುಟ್ಟ ಮಗುವಿನದೂ.